ಹುತ್ತ, ಬಳ್ಳಿ, ನೈದಿಲೆ ಎಲೆ: ಕಟ್ಟಡ ಮತ್ತು ಸೇತುವೆಗಳಿಗೆ ಪ್ರಕೃತಿ ಕಲಿಸಿದ ಪಾಠ

ನಂದಿಬೆಟ್ಟದ ಸೀಮೆಯಲ್ಲಿ, ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಸಮೀಪದಲ್ಲಿರುವ ಮುದ್ದೇನಹಳ್ಳಿ ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರ ಜನ್ಮದಿನವಾದ ಸೆಪ್ಟೆಂಬರ್ 15 ದೇಶಕ್ಕೆಲ್ಲ ಇಂಜಿನಿಯರುಗಳ ದಿನ. ನೂರು ವರ್ಷ ದಾಟಿ ಬಾಳಿ 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇದೇ ಊರಿನಲ್ಲಿದೆ. ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದ್ದು, ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬಂದು ನೋಡಿಕೊಂಡು ಹೋಗುತ್ತಾರೆ.

ಕಟ್ಟುವ ವಿದ್ಯೆಯ ಬಗ್ಗೆ ತಿಳಿಯಲು ಈ ಊರಿನಿಂದ ಹೊರಡುವುದು ಸೂಕ್ತ. ಇಂದು ರಾಜ್ಯದ ಅನೇಕ ಊರುಗಳಲ್ಲಿ ಬಸದಿಗಳ ಜೀರ್ಣೋದ್ಧಾರ ನಡೆಯುತ್ತಿದೆ. ಸಮುದಾಯ ಭವನ, ತ್ಯಾಗಿ ನಿವಾಸ, ವಿದ್ಯಾರ್ಥಿ ನಿಲಯಗಳು ಏಳುತ್ತಿವೆ. ಶ್ರಾವಕ ಕುಟುಂಬಗಳು ದುಡಿದ ಹಣವನ್ನು ದಾನವಾಗಿ ಕೊಡುತ್ತಿವೆ. ಆ ಹಣದಲ್ಲಿ ಎದ್ದ ಕಟ್ಟಡ ನೂರು ವರ್ಷ ನಿಲ್ಲುತ್ತದೆಯೋ, ಇಪ್ಪತ್ತು ವರ್ಷಕ್ಕೇ ಸೋರುತ್ತದೆಯೋ ಎಂಬುದು ಕಟ್ಟುವ ಮೊದಲು ಕೇಳುವ ಕೆಲವು ಪ್ರಶ್ನೆಗಳ ಮೇಲೆ ನಿಂತಿದೆ. ಆ ಪ್ರಶ್ನೆಗಳಿಗೆ ಉತ್ತರ ಬಹಳ ಮಟ್ಟಿಗೆ ಪ್ರಕೃತಿಯಲ್ಲಿಯೇ ಇದೆ. ಗಿಡ, ಬಂಡೆ, ಹುತ್ತ, ಮೂಳೆ, ಹರಿಯುವ ನೀರು ಇವೆಲ್ಲ ಬೇಕಾದಷ್ಟನ್ನೇ ಬಳಸಿ ತಮ್ಮ ಕೆಲಸ ನಡೆಸಿಕೊಳ್ಳುತ್ತವೆ. ಈ ಗುಣವನ್ನು ಅರಿತು ಕಟ್ಟಿದವರ ಕಟ್ಟಡಗಳು ಉಳಿದಿವೆ.

ನೀರೇ ತೆರೆಯುವ ಬಾಗಿಲು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ನದಿಗಳು ನಂದಿಬೆಟ್ಟದ ಸಾಲಿನಲ್ಲಿಯೇ ಹುಟ್ಟಿದರೂ ಇಲ್ಲಿ ಅವು ಮಳೆಗಾಲದ ಹಳ್ಳಗಳಷ್ಟೇ. ಆದ್ದರಿಂದಲೇ ಹಿಂದಿನವರು ಭೂಮಿಯ ಇಳಿಜಾರನ್ನು ನೋಡಿ ಕೆರೆಗಳ ಸರಣಿಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಕೋಡಿಯನ್ನು ಯಾರೂ ತೆರೆಯಬೇಕಿಲ್ಲ, ಮುಚ್ಚಬೇಕಿಲ್ಲ. ನೀರಿನ ಮಟ್ಟ ಏರಿದಾಗ ತಾನಾಗಿ ಹರಿಯುತ್ತದೆ, ಇಳಿದಾಗ ತಾನಾಗಿ ನಿಲ್ಲುತ್ತದೆ.

ವಿಶ್ವೇಶ್ವರಯ್ಯನವರ ಹೆಸರನ್ನು ಮೊದಲು ದೇಶಕ್ಕೆ ಪರಿಚಯಿಸಿದ ಸ್ವಯಂಚಾಲಿತ ಬಾಗಿಲುಗಳ ತತ್ವವೂ ಇದಕ್ಕೆ ಬಹಳ ಹತ್ತಿರದ್ದು. 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಇವನ್ನು ಅಳವಡಿಸಲಾಯಿತು. ಜಲಾಶಯದ ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದ ಕೂಡಲೇ ಆ ಹೆಚ್ಚುವರಿ ನೀರಿನ ಬಲದಿಂದಲೇ ಬಾಗಿಲು ತೆರೆದುಕೊಳ್ಳುತ್ತದೆ. ಪ್ರವಾಹ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ನೆರೆ ಬಂದರೂ ಕಾವಲುಗಾರನು ಓಡಿಬಂದು ಚಕ್ರ ತಿರುಗಿಸಬೇಕಾಗಿಲ್ಲ. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡಲು ಇದರಿಂದ ಸಾಧ್ಯವಾಯಿತು. ಮುಂದೆ ಕೃಷ್ಣರಾಜಸಾಗರದಲ್ಲಿಯೂ ಇಂತಹ ಬಾಗಿಲುಗಳು ಬಂದವು.

ನೀರನ್ನು ಎದುರು ಹಾಕಿಕೊಂಡರೆ ಅದು ಕಟ್ಟೆಯನ್ನು ಒಡೆಯುತ್ತದೆ. ಅದರ ದಾರಿಯನ್ನು ತಿಳಿದು ಬಿಟ್ಟುಕೊಟ್ಟರೆ ನಮ್ಮ ಕೆಲಸವನ್ನು ಅದೇ ಮಾಡಿಕೊಡುತ್ತದೆ. ಈ ಮಾತು ಅಣೆಕಟ್ಟಿಗೆ ಮಾತ್ರವಲ್ಲ, ಮನೆಯ ತಾರಸಿಗೂ ಸಲ್ಲುತ್ತದೆ.

ಬೆಟ್ಟದಂತೆ ಅಡಿ ಅಗಲ

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಸುಮಾರು 130 ಅಡಿ ಎತ್ತರ, 2.6 ಕಿಲೋಮೀಟರ್ ಉದ್ದದ ಈ ಅಣೆಕಟ್ಟು ನಿಂತಿರುವುದು ತನ್ನ ಭಾರದಿಂದ. ಇದನ್ನು ಅಡ್ಡಲಾಗಿ ಸೀಳಿ ನೋಡಿದರೆ ಮೇಲೆ ಕಿರಿದು, ಕೆಳಗೆ ಅಗಲ. ನೀರಿನ ಆಳ ಹೆಚ್ಚಿದಷ್ಟೂ ಅದರ ಒತ್ತಡ ಹೆಚ್ಚು; ಆದ್ದರಿಂದ ಬುಡದಲ್ಲಿ ಗೋಡೆ ದಪ್ಪವಿರಬೇಕು, ಮೇಲೆ ಅಷ್ಟು ಬೇಕಿಲ್ಲ. ಗಾಳಿ ಮಳೆಗೆ ಸಾವಿರಾರು ವರ್ಷ ಮೈಯೊಡ್ಡಿ ನಿಂತ ಬೆಟ್ಟವೂ, ಹಳೆಯ ಆಲದ ಮರದ ಬುಡವೂ ಇದೇ ರೀತಿ ಅಗಲವಾಗಿವೆ. ಎಲ್ಲಿ ಭಾರ ಬೀಳುತ್ತದೆಯೋ ಅಲ್ಲಿ ಸಾಮಗ್ರಿ, ಬೀಳದ ಕಡೆ ಮಿತವ್ಯಯ.

ಈ ಅಣೆಕಟ್ಟಿಗೆ ಕಲ್ಲುಗಳನ್ನು ಜೋಡಿಸಲು ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಬಳಸಲಾಯಿತು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಂದಿಗೆ ಅರೆದು ಮಾಡುವ ಗಾರೆ ಇದು. ಸುಣ್ಣದ ಕಥೆಯೂ ಪ್ರಕೃತಿಯ ಒಂದು ಚಕ್ರವೇ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಗೋಡೆಯಲ್ಲಿ ಕೂತ ಸುಣ್ಣ ಗಾಳಿಯಿಂದ ಅದನ್ನು ನಿಧಾನವಾಗಿ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ವರ್ಷ ಕಳೆದಂತೆ ಹಳೆಯ ಗಾರೆ ಗಟ್ಟಿಯಾಗುತ್ತ ಹೋಗುವುದಕ್ಕೆ ಇದೂ ಒಂದು ಕಾರಣ.

ಗೊಮ್ಮಟನ ಕಾಲಬಳಿಯ ಹುತ್ತ

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚಾವುಂಡರಾಯನು 981ರಲ್ಲಿ ಮಾಡಿಸಿದ ಬಾಹುಬಲಿ ಸ್ವಾಮಿಯ ಮೂರ್ತಿ ಸುಮಾರು 58 ಅಡಿ ಎತ್ತರದ ಏಕಶಿಲೆ. ಕಾಯೋತ್ಸರ್ಗದಲ್ಲಿ ನಿಂತ ಸ್ವಾಮಿಯ ಕಾಲುಗಳ ಅಕ್ಕಪಕ್ಕದಲ್ಲಿ ಹುತ್ತಗಳಿವೆ, ಅವುಗಳಿಂದ ಹಾವುಗಳು ಹೊರಬರುತ್ತಿವೆ, ಬಳ್ಳಿಗಳು ತೊಡೆ ತೋಳುಗಳನ್ನು ಸುತ್ತಿ ಮೇಲೇರಿವೆ. ಇದು ತಪಸ್ಸಿನ ಸ್ಥಿರತೆಯ ಸಂಕೇತ ಎಂಬುದು ಪ್ರತಿಯೊಬ್ಬ ಶ್ರಾವಕನಿಗೂ ಗೊತ್ತು. ಕಟ್ಟುವವರ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ.

ಇಷ್ಟು ಎತ್ತರದ ಮೂರ್ತಿಗೆ ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲ. ಇಡೀ ದೇಹದ ಭಾರ ಎರಡು ಕಾಲುಗಳ ಮೂಲಕ ಬೆಟ್ಟಕ್ಕೆ ಇಳಿಯಬೇಕು. ಕಾಲುಗಳ ಸುತ್ತ ಹುತ್ತದ ರೂಪದಲ್ಲಿ ಬಿಟ್ಟ ಕಲ್ಲು ಕೆಳಭಾಗವನ್ನು ಅಗಲಗೊಳಿಸಿ ಬಲ ಕೊಡುತ್ತದೆ. ಮೂರ್ತಿಯನ್ನು ಬೇರೆಡೆಯಿಂದ ತಂದು ನಿಲ್ಲಿಸಿದ್ದಲ್ಲ, ಬೆಟ್ಟದ ನೆತ್ತಿಯ ಬಂಡೆಯಲ್ಲಿಯೇ ಕಡೆದದ್ದು. ಹೀಗಾಗಿ ಅಡಿಪಾಯವೂ ಮೂರ್ತಿಯೂ ಒಂದೇ ಕಲ್ಲು. ಆಸರೆಯ ಕಂಬವೊಂದನ್ನು ಹಿಂದೆ ನಿಲ್ಲಿಸಿದ್ದರೆ ನೋಟ ಕೆಡುತ್ತಿತ್ತು. ಪುರಾಣದಲ್ಲಿದ್ದ ಹುತ್ತವೇ ಆ ಕೆಲಸ ಮಾಡಿತು. ಶಿಲ್ಪಿಯ ಭಕ್ತಿ ಮತ್ತು ಲೆಕ್ಕ ಎರಡೂ ಒಂದೇ ಕಡೆ ಸೇರಿದ ಜಾಗ ಅದು.

ನಿಜವಾದ ಹುತ್ತವನ್ನು ಕಟ್ಟುವುದು ಹಾವಲ್ಲ, ಗೆದ್ದಲು. ಇರುವೆ ಗೆದ್ದಲುಗಳನ್ನು ಜೈನ ಶಾಸ್ತ್ರಗಳು ಮೂರು ಇಂದ್ರಿಯಗಳುಳ್ಳ ಜೀವಿಗಳೆಂದು ಎಣಿಸುತ್ತವೆ. ಇಷ್ಟು ಸಣ್ಣ ಜೀವಿ ಮಣ್ಣು ಮತ್ತು ತನ್ನ ಎಂಜಲಿನಿಂದ ಆಳೆತ್ತರದ ಗೂಡನ್ನು ಕಟ್ಟುತ್ತದೆ. ಅದರೊಳಗೆ ನೂರಾರು ಓಣಿಗಳಿದ್ದು, ಹೊರಗಿನ ಬಿಸಿಲು, ಗಾಳಿಗೆ ತಕ್ಕಂತೆ ಶ್ವಾಸಕೋಶದ ಹಾಗೆ ಒಳಗಿನ ಗಾಳಿ ಬದಲಾಗುತ್ತ ಇರುತ್ತದೆ.

ಜಿಂಬಾಬ್ವೆ ದೇಶದ ಹರಾರೆ ನಗರದಲ್ಲಿ ಮಿಕ್ ಪಿಯರ್ಸ್ ಎಂಬ ವಾಸ್ತುಶಿಲ್ಪಿ ಇದನ್ನು ಗಮನಿಸಿ ಈಸ್ಟ್‌ಗೇಟ್ ಎಂಬ ದೊಡ್ಡ ವಾಣಿಜ್ಯ ಕಟ್ಟಡವನ್ನು ರೂಪಿಸಿದರು. ಅದು 1996ರಲ್ಲಿ ಪೂರ್ಣಗೊಂಡಿತು. ರಾತ್ರಿಯ ತಂಪು ಗಾಳಿಯನ್ನು ಕಟ್ಟಡದ ಒಳಗೆ ಹಾಯಿಸಿ ದಪ್ಪ ಗೋಡೆ, ನೆಲಗಳನ್ನು ತಣಿಸಲಾಗುತ್ತದೆ. ಹಗಲಿನಲ್ಲಿ ಆ ತಂಪು ಒಳಗಿದ್ದವರಿಗೆ ಸಿಗುತ್ತದೆ. ಬಿಸಿಯಾದ ಗಾಳಿ ಮೇಲಿನ ಚಿಮಣಿಗಳಿಂದ ಹೊರಹೋಗುತ್ತದೆ. ಮಾಮೂಲಿ ಏ.ಸಿ. ಯಂತ್ರಗಳಿಲ್ಲದೆಯೇ ಕಟ್ಟಡ ನಡೆಯುತ್ತದೆ. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ನಡುವಿನ ತೆರೆದ ಅಂಗಳ ಮಾಡುತ್ತಿದ್ದ ಕೆಲಸವೂ ಇದೇ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ತಂಪು ಗಾಳಿ ಬಾಗಿಲು, ಕಿಟಕಿಗಳಿಂದ ಒಳಬರುತ್ತದೆ.

ಕಲ್ಲಿನ ಗುಣ, ಮಳೆಯ ಗುಣ

ನಂದಿಬೆಟ್ಟದ ಸೀಮೆಗೂ ಜೈನ ಧರ್ಮಕ್ಕೂ ಹಳೆಯ ನಂಟಿದೆ. ನಂದಿ ಗ್ರಾಮದ ಬಳಿಯ ಗೋಪಿನಾಥ ಬೆಟ್ಟದಲ್ಲಿ ಪ್ರಾಚೀನ ಜೈನ ಶಾಸನವೊಂದಿದೆ. ಈ ಸೀಮೆಯ ಬಂಡೆ ಪದರ ಪದರವಾಗಿ ಏಳುವ ಗುಣದ್ದು. ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸಿ ಕಾಯಿಸಿ, ಪದರ ಬಿಟ್ಟುಕೊಂಡ ಕಡೆ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಹಳ್ಳಿಗಳ ಹಳೆಯ ಮನೆಗಳಿಗೆ ಕಲ್ಲುಕಂಬ, ಚಪ್ಪಡಿಯ ಮಾಡು ಬಂದದ್ದು ಹೀಗೆ.

ಕಲ್ಲು ತನ್ನ ಮೇಲೆ ಬಿದ್ದ ಭಾರವನ್ನು ಚೆನ್ನಾಗಿ ಹೊರುತ್ತದೆ. ಆದರೆ ಎರಡು ತುದಿಯಲ್ಲಿ ಮಾತ್ರ ಆಸರೆ ಕೊಟ್ಟು ಉದ್ದಕ್ಕೆ ಮಲಗಿಸಿದರೆ ನಡುವೆ ಬಿರಿಯುತ್ತದೆ. ಆದ್ದರಿಂದ ಕಲ್ಲಿನ ತೊಲೆಗೆ ಹತ್ತಿರ ಹತ್ತಿರ ಕಂಬ ಬೇಕು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಅಷ್ಟು ಕಂಬಗಳು ಒತ್ತೊತ್ತಾಗಿ ನಿಂತಿರುವುದಕ್ಕೆ ಅಂದದ ಜೊತೆಗೆ ಈ ಕಾರಣವೂ ಇದೆ.

1430ರಲ್ಲಿ ಕಟ್ಟಿದ ಈ ಬಸದಿಯ ಮಾಡನ್ನು ನೋಡಿದವರು ಇದು ನೇಪಾಳದ ಗುಡಿಗಳಂತಿದೆ ಎನ್ನುತ್ತಾರೆ. ಬಯಲುಸೀಮೆಯ ಬಸದಿಗಳಂತೆ ಇಲ್ಲಿ ಸಮತಟ್ಟಾದ ಮಾಳಿಗೆಯಿಲ್ಲ. ಒಂದರ ಮೇಲೊಂದು ಇಳಿಜಾರು ಮಾಡುಗಳಿದ್ದು, ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿವೆ. ಕರಾವಳಿಯ ಮುಂಗಾರು ಮಳೆಯ ಹೊಡೆತಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ತೆಂಗು, ಅಡಿಕೆಯ ಗರಿಗಳ ಮೇಲೆ ಬಿದ್ದ ನೀರು ನಿಲ್ಲದೆ ಜಾರುವ ಹಾಗೆ ಮಾಡಿನ ನೀರೂ ಗೋಡೆಗೆ ತಾಗದೆ ದೂರ ಬೀಳುತ್ತದೆ. ಒಂದೇ ಧರ್ಮ, ಒಂದೇ ಜಿನಬಿಂಬ. ಆದರೆ ಶ್ರವಣಬೆಳಗೊಳದ ಬಸದಿ ಒಂದು ಬಗೆ, ಮೂಡುಬಿದಿರೆಯದು ಇನ್ನೊಂದು ಬಗೆ. ಊರಿನ ಮಳೆ, ಬಿಸಿಲು, ಕಲ್ಲು, ಮರಗಳನ್ನು ಕೇಳಿಯೇ ಹಿರಿಯರು ಕಟ್ಟಿದರು.

ನೈದಿಲೆ ಎಲೆಯಿಂದ ಲಾಲ್‌ಬಾಗಿಗೆ

ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನೋಡದ ಕುಟುಂಬ ಕಡಿಮೆ. 1889ರಲ್ಲಿ ಶಂಕುಸ್ಥಾಪನೆಯಾದ ಈ ಕಟ್ಟಡಕ್ಕೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್. ಅದನ್ನು 1851ರಲ್ಲಿ ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ದಕ್ಷಿಣ ಅಮೆರಿಕದಿಂದ ಬಂದ ದೈತ್ಯ ನೈದಿಲೆಯನ್ನು ಅವರು ಬೆಳೆಸುತ್ತಿದ್ದರು. ದೊಡ್ಡ ಹರಿವಾಣದಂತಿರುವ ಅದರ ಎಲೆ ಒಂದು ಮಗುವನ್ನು ಹೊರುವಷ್ಟು ಬಲವುಳ್ಳದ್ದು. ಪ್ಯಾಕ್ಸ್‌ಟನ್ ತಮ್ಮ ಪುಟ್ಟ ಮಗಳನ್ನೇ ಆ ಎಲೆಯ ಮೇಲೆ ನಿಲ್ಲಿಸಿ ಜನರಿಗೆ ತೋರಿಸಿದ್ದರು.

ಎಲೆ ತೆಳುವಾದರೂ ಬಲ ಎಲ್ಲಿಂದ ಬಂತು? ಮಗುಚಿ ನೋಡಿದರೆ ಅಡಿಯಲ್ಲಿ ದಪ್ಪ ನರಗಳು ನಡುವಿನಿಂದ ಅಂಚಿಗೆ ಹರಡಿವೆ, ಅವನ್ನು ಸಣ್ಣ ನರಗಳು ಅಡ್ಡಡ್ಡ ಹೆಣೆದಿವೆ. ಭಾರವನ್ನು ಹೊರುವುದು ಆ ನರಗಳು. ತೆಳು ಹಾಳೆ ನಡುವಿನ ಜಾಗವನ್ನು ಮುಚ್ಚುತ್ತದೆ ಅಷ್ಟೇ. ತೆಳುವಾದ ಕಬ್ಬಿಣದ ಪಕ್ಕೆಗಳು, ನಡುವೆ ಗಾಜು ಎಂಬ ಕ್ರಮಕ್ಕೆ ಈ ಎಲೆ ಸ್ಫೂರ್ತಿಯಾಯಿತು.

ಮನುಷ್ಯನ ತೊಡೆಮೂಳೆಯಲ್ಲಿಯೂ ಇದೇ ಜಾಣತನವಿದೆ. 1866ರಲ್ಲಿ ಜ್ಯೂರಿಕ್ ನಗರದಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ದೇಹರಚನಾ ತಜ್ಞರು ಸೀಳಿದ ತೊಡೆಮೂಳೆಯನ್ನು ತೋರಿಸಿದಾಗ, ಇಂಜಿನಿಯರ್ ಕಾರ್ಲ್ ಕುಲ್ಮನ್ ಅದರೊಳಗಿನ ಎಳೆಗಳು ತಾವು ಕ್ರೇನಿಗಾಗಿ ಲೆಕ್ಕ ಹಾಕಿದ ಬಲದ ಗೆರೆಗಳಂತೆಯೇ ಇವೆ ಎಂದು ಗುರುತಿಸಿದರು. ಕುಲ್ಮನ್ನರ ಶಿಷ್ಯರಾಗಿದ್ದ ಮೊರಿಸ್ ಕೆಷ್ಲಿನ್ ಮುಂದೆ ಪ್ಯಾರಿಸ್ಸಿನ ಐಫೆಲ್ ಗೋಪುರದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದರು. ನಮ್ಮ ರೈಲ್ವೆ ಸೇತುವೆಗಳ ಮೇಲೆ ಕಾಣುವ ತ್ರಿಕೋನಾಕಾರದ ಕಬ್ಬಿಣದ ಹೆಣಿಗೆಯ ಹಿಂದೆಯೂ ಇದೇ ಲೆಕ್ಕ: ಬಲ ಹಾಯುವ ದಾರಿಯಲ್ಲಿ ಮಾತ್ರ ಲೋಹ, ಉಳಿದದ್ದೆಲ್ಲ ಖಾಲಿ.

ಬಳ್ಳಿಯಿಂದ ತೂಗುಸೇತುವೆ

ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಜನರು ರಬ್ಬರ್ ಅತ್ತಿಮರದ ಬೇರುಗಳನ್ನು ಹಳ್ಳದ ಆಚೆ ದಡಕ್ಕೆ ಹಬ್ಬಿಸಿ ಜೀವಂತ ಸೇತುವೆಗಳನ್ನೇ ಬೆಳೆಸಿದ್ದಾರೆ. ಮರ ಬೆಳೆದಂತೆ ಸೇತುವೆಯೂ ಗಟ್ಟಿಯಾಗುತ್ತದೆ. ನಮ್ಮ ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರದ ಕಾಲುಸಂಕಗಳ ಮೇಲೆ ಮಕ್ಕಳು ಶಾಲೆಗೆ ಹೋಗುವುದನ್ನು ಕಂಡವರಿಗೆ ಮಳೆಗಾಲದ ಭಯ ಗೊತ್ತು. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿ, ಆಮೇಲೆ ನೂರಕ್ಕೂ ಹೆಚ್ಚು ಕಡೆ ಇಂತಹ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎರಡು ಮರಗಳ ನಡುವೆ ಜೋತುಬಿದ್ದ ಬಳ್ಳಿಯನ್ನು ಗಮನಿಸಿದರೆ ತೂಗುಸೇತುವೆಯ ಗುಟ್ಟು ತಿಳಿಯುತ್ತದೆ. ಬಳ್ಳಿಯಲ್ಲಿ ಇರುವುದು ಎಳೆತ ಒಂದೇ. ಉಕ್ಕಿನ ಹಗ್ಗ ಎಳೆತವನ್ನು ಬಹಳ ಚೆನ್ನಾಗಿ ತಡೆಯುತ್ತದೆ. ನದಿಯ ನಡುವೆ ಕಂಬ ಬೇಡ, ನೆರೆಯಲ್ಲಿ ಕೊಚ್ಚಿಕೊಂಡು ಬರುವ ಮರದ ದಿಮ್ಮಿಗಳು ಬಡಿಯುವ ಭಯ ಕಡಿಮೆ, ಸಾಮಗ್ರಿಯೂ ಸ್ವಲ್ಪ ಸಾಕು.

ಅದೇ ಜೋತಾಡುವ ಸರಪಳಿಯನ್ನು ತಲೆಕೆಳಗು ಮಾಡಿದರೆ ಕಮಾನು. 1675ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಈ ಮಾತನ್ನು ಪ್ರಕಟಿಸಿದರು. ಸರಪಳಿಯಲ್ಲಿ ಎಲ್ಲವೂ ಎಳೆತವಾದರೆ ಕಮಾನಿನಲ್ಲಿ ಎಲ್ಲವೂ ಒತ್ತಡ. ಒತ್ತಡವನ್ನು ತಾಳುವುದು ಕಲ್ಲಿಗೆ ಸುಲಭ. ತೆಂಗಿನ ಕರಟವನ್ನು ಕವುಚಿ ಹಾಕಿ ಮೇಲಿಂದ ಒತ್ತಿದರೆ ಅದು ಸುಲಭಕ್ಕೆ ಒಡೆಯುವುದಿಲ್ಲ, ಏಕೆಂದರೆ ಭಾರ ಸುತ್ತಲೂ ಹಂಚಿಹೋಗುತ್ತದೆ. ವಿಜಯಪುರದ ಗೋಲಗುಮ್ಮಟದ ಒಳಗೆ ಒಂದೂ ಕಂಬವಿಲ್ಲದೆ ಅಷ್ಟು ದೊಡ್ಡ ಗುಮ್ಮಟ ನಿಂತಿರುವುದು ಇಂತಹದೇ ನಿಯಮದಿಂದ. ಮನೆಯಲ್ಲಿ ಮಕ್ಕಳಿಗೆ ಒಂದು ಸರ, ಒಂದು ಕರಟ ಕೊಟ್ಟು ಇದನ್ನೆಲ್ಲ ತೋರಿಸಬಹುದು.

ರೂಪದ ಅನುಕರಣೆ ಸಾಲದು

ಪ್ರಕೃತಿಯನ್ನು ಅನುಸರಿಸುವುದೆಂದರೆ ತಾವರೆಯ ಆಕಾರದಲ್ಲಿ ಕಟ್ಟಡ ಎಬ್ಬಿಸುವುದು ಎಂದು ಕೆಲವರು ತಿಳಿಯುತ್ತಾರೆ. ಆಕಾರ ತಾವರೆಯದಾಗಿ ಒಳಗೆ ಕಾದ ಹಂಚಿನಂತಹ ಸೆಕೆಯಿದ್ದರೆ ಪ್ರಯೋಜನವೇನು? ಗಾಜಿನ ಮನೆ ಹುಟ್ಟಿದ್ದು ಚಳಿ ದೇಶದಲ್ಲಿ, ಗಿಡಗಳಿಗೆ ಬಿಸಿಲಿನ ಶಾಖವನ್ನು ಹಿಡಿದಿಡಲು. ಅದೇ ಗಾಜನ್ನು ಬಯಲುಸೀಮೆಯ ಕಲ್ಯಾಣ ಮಂಟಪದ ಮುಖಕ್ಕೆಲ್ಲ ಹೊದಿಸಿದರೆ ಅದು ಶಾಖವನ್ನೇ ಹಿಡಿದಿಡುತ್ತದೆ. ಆಮೇಲೆ ಏ.ಸಿ. ಹಾಕಿಸಬೇಕು, ಪ್ರತಿ ತಿಂಗಳು ಕರೆಂಟು ಬಿಲ್ಲು ಕಟ್ಟಬೇಕು. ದಾನಿಗಳು ಒಮ್ಮೆ ಕೊಟ್ಟ ಹಣ ಕಟ್ಟಡಕ್ಕೆ ಹೋದರೆ, ಸಮಿತಿಯವರು ಬಿಲ್ಲಿಗಾಗಿ ಜೀವಮಾನವಿಡೀ ಚಂದಾ ಎತ್ತಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಜೀರ್ಣೋದ್ಧಾರದಲ್ಲಿ ಆಗುತ್ತದೆ. ಹಳೆಯ ಕಲ್ಲು ಮತ್ತು ಸುಣ್ಣದ ಗೋಡೆ ಉಸಿರಾಡುತ್ತದೆ. ಒಳಗೆ ಸೇರಿದ ತೇವ ಸಂದುಗಳಿಂದ ಹೊರಗೆ ಆರುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿ, ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಉಳಿದು ಕಲ್ಲು ಪುಡಿಯಾಗತೊಡಗುತ್ತದೆ. ನೂರಾರು ವರ್ಷದ ಮುಂಗಾರುಗಳನ್ನು ತಡೆದ ಗೋಡೆ ಭಕ್ತಿಯಿಂದ ಮಾಡಿಸಿದ ದುರಸ್ತಿಯಿಂದಲೇ ಹಾಳಾಗಬಹುದು. ಒಮ್ಮೆ ಹಾಳಾದ ಶಿಲ್ಪವನ್ನೂ ಅಳಿಸಿಹೋದ ಶಾಸನವನ್ನೂ ಯಾವ ದಾನಿಯೂ ಮರಳಿ ತರಲಾರರು.

ಕಟ್ಟುವ ಮೊದಲು ಕೇಳಬೇಕಾದದ್ದು

ಬಸದಿ ಸಮಿತಿಯಾಗಲಿ, ಮನೆ ಕಟ್ಟಿಸುವ ಕುಟುಂಬವಾಗಲಿ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಇಂಜಿನಿಯರರಲ್ಲಿ ನಾಲ್ಕು ಮಾತು ಕೇಳಬಹುದು.

ಮೊದಲನೆಯದು, ಮಾಡಿನ ನೀರು ಎಲ್ಲಿಗೆ ಹೋಗುತ್ತದೆ? ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಅಲ್ಲಿ ಬೀಳುವುದು ಸುಮಾರು 65,000 ಲೀಟರ್. ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ, ನೀರಿನಲ್ಲಿ ಫ್ಲೋರೈಡ್ ಕಾಟವಿರುವ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಡೆ ಇಷ್ಟು ನೀರನ್ನು ಚರಂಡಿಗೆ ಬಿಡುವುದು ಸರಿಯಲ್ಲ. ನೀರನ್ನು ಸೋಸಿ, ಅಳತೆಯಿಂದ ಬಳಸುವುದು ಜೈನ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಆಚಾರ. ಮಳೆನೀರಿನ ತೊಟ್ಟಿ ಆ ಆಚಾರಕ್ಕೆ ಹೊಸ ಸೇರ್ಪಡೆ ಅಷ್ಟೇ.

ಎರಡನೆಯದು, ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ? ಕೆಳಗೆ ಕಿಟಕಿ ಇಟ್ಟು ಮೇಲೆ ಗವಾಕ್ಷಿ ಬಿಡದಿದ್ದರೆ ಗಾಳಿಯಾಡುವುದಿಲ್ಲ. ಒಂದು ಗವಾಕ್ಷಿಯ ಖರ್ಚು ಒಂದು ಏ.ಸಿ. ಯಂತ್ರಕ್ಕಿಂತ ಬಹಳ ಕಡಿಮೆ.

ಮೂರನೆಯದು, ಈ ಸಾಮಗ್ರಿ ಇಷ್ಟು ಬೇಕೇ? ದಪ್ಪ ಕಂಬ, ಭಾರದ ತೊಲೆ ಎಂದರೆ ಬಲ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ನೈದಿಲೆ ಎಲೆ, ಮೂಳೆ, ಬಳ್ಳಿ ಇವು ಮಿತವಾಗಿ ಬಳಸಿಯೂ ಬಲವಾಗಿವೆ. ಉಳಿಸಿದ ಪ್ರತಿ ಮೂಟೆ ಸಿಮೆಂಟ್, ಪ್ರತಿ ಲೋಡ್ ಮರಳು ಎಂದರೆ ಅಷ್ಟು ಕಡಿಮೆ ಬೆಟ್ಟ ಒಡೆದಂತೆ, ಅಷ್ಟು ಕಡಿಮೆ ನದಿ ಬಗೆದಂತೆ. ಭೂಮಿಯಲ್ಲಿ, ನೀರಿನಲ್ಲಿ ಜೀವವನ್ನು ಕಾಣುವ ಧರ್ಮದವರಿಗೆ ಇದು ಅಹಿಂಸೆಯ ಮಾತೂ ಹೌದು, ಅಪರಿಗ್ರಹದ ಮಾತೂ ಹೌದು.

ನಾಲ್ಕನೆಯದು, ಹಳೆಯ ಕಟ್ಟಡವಾದರೆ ಅದನ್ನು ಮೊದಲು ಯಾವುದರಿಂದ ಕಟ್ಟಿದ್ದರು? ಸುಣ್ಣದಿಂದ ಕಟ್ಟಿದ್ದನ್ನು ಸುಣ್ಣದಿಂದಲೇ ದುರಸ್ತಿ ಮಾಡಿಸಬೇಕು. ಕೆಲಸ ಗೊತ್ತಿರುವ ಗಾರೆಯವರು ಸಿಗುವುದು ತಡವಾದರೆ ಒಂದು ವರ್ಷ ಕಾಯುವುದರಿಂದ ಬಸದಿಗೆ ನಷ್ಟವಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಬೆಳೆದ ಅರಳಿ, ಆಲದ ಸಸಿಗಳನ್ನು ಎಳೆಯದಿರುವಾಗಲೇ ಜೋಪಾನವಾಗಿ ತೆಗೆದು ಬೇರೆಡೆ ನೆಡಿಸಿದರೆ ಗಿಡವೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ.

ಇಂಜಿನಿಯರುಗಳ ದಿನದಂದು ಮುದ್ದೇನಹಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಪೋಷಕರು ಸರ್ ಎಂ.ವಿ. ಅವರ ಸ್ಮಾರಕವನ್ನು ನೋಡಿ ಬರುವಾಗ ದಾರಿಯಲ್ಲಿ ಸಿಗುವ ಯಾವುದಾದರೂ ಕೆರೆಯ ಕೋಡಿಯ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ನೀರು ತನ್ನಿಂದ ತಾನೇ ಹೊರಗೆ ಹರಿಯಲು ಹಿರಿಯರು ಎಲ್ಲಿ, ಎಷ್ಟು ಎತ್ತರಕ್ಕೆ ಕಲ್ಲು ಇಟ್ಟಿದ್ದಾರೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಲಿ.